ಚಹಾ ಕೊಡಬಾರದ ದೃಶ್ಯ

ಸಿನೆಮಾದಲ್ಲಿ ಕಾಣಿಸಿಕೊಳ್ಳುವ ಆಸೆ ತಮಗಿಲ್ಲ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ವಿಡಿಯೋದವನ ಲೈಟು ತಮ್ಮ ಕಡೆ ತಿರುಗಿದ ಕೂಡಲೇ ಬಾಯಲ್ಲಿದ್ದ ಜಿಲೇಬಿಯನ್ನು ಅಗಿಯಲಾರದೆ, ನುಂಗಲಾರದೆ, ದೇವರ ಫೋಟೋದ ಹಾಗೆ ನೆಟ್ಟಗೆ ಕೂತುಬಿಡುವವರು ಇವರೇ. ನಾನಾದರೂ ಒಪ್ಪಿಕೊಳ್ಳುತ್ತೇನೆ. ಸವಣೂರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾಗಿ ಅಕ್ಕಿಆಲೂರಿನ ಸ್ವಂತ ಮನೆಗೆ ಬಂದು ಕೂತಿರುವ ನನಗೆ ಆ ಆಸೆ ಮೊದಲಿನಿಂದಲೂ ಇತ್ತು, ಈಗಲೂ ಇದೆ. ಪಾಠ ಹೇಳುವಾಗ ನಾನೇ ಗೆದ್ದ ರಾಜನಾಗುತ್ತಿದ್ದೆ, ನಾನೇ ಸೋತ ರಾಜನಾಗುತ್ತಿದ್ದೆ. ಯುದ್ಧದ ಪಾಠವಿದ್ದ ದಿನ ಪಕ್ಕದ ತರಗತಿಯ ಗಣಿತದ ಮಾಸ್ತರರು ಬಾಗಿಲಿಗೆ ಬಂದು, "ಸರ, ನಮ್ಮ ಹುಡುಗ್ರು ಲೆಕ್ಕ ಬಿಟ್ಟು ನಿಮ್ಮ ಕಡೆ ಕಿವಿ ಕೊಟ್ಟಾರ. ಸ್ವಲ್ಪ ಸದ್ದಿಲ್ಲದಂಗ ಸಾಯ್ರಿ," ಎಂದು ಕೈ ಮುಗಿದು ಹೋದದ್ದೂ ಉಂಟು. ಇಂಥ ಪ್ರತಿಭೆ ಬರೀ ಬೆಂಚುಗಳ ಮುಂದೆ ಸವೆದುಹೋಯಿತಲ್ಲ ಎಂಬ ಸಂಕಟವನ್ನು ನನ್ನ ಹೆಂಡತಿ ಸುಶೀಲಾಳ ಹತ್ತಿರ ಹೇಳಿಕೊಂಡರೆ ಅವಳು, "ಹೌದ್ರಿ, ಆ ಗಿರಣಿಗೆ ಹೋಗಿ ಹಿಟ್ಟು ಬೀಸ್ಕೊಂಡು ಬರ್ರಿ," ಎನ್ನುತ್ತಿದ್ದಳು.

ಹೀಗಿರುವಾಗ ಶಬಾನಾಳ ಫೋನು ಬಂತು. ಈ ಶಬಾನಾ ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳ ಮನೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಮನೆಯವರು ಡಾಕ್ಟರಾಗು ಎಂದರೆ ಸಿನೆಮಾ ಕಲಿಯಲು ಪುಣೆಗೆ ಹೋದವಳು. "ಸರ, ನಾವು ನಾಕ ಮಂದಿ ಕೂಡಿ ಒಂದು ಸಣ್ಣ ಸಿನೆಮಾ ಮಾಡಾಕತ್ತೇವ್ರಿ. ನಿಮ್ಮ ಮನಿ ಬೇಕಾಗೇತ್ರಿ," ಎಂದಳು. ಯಾವುದೋ ಸಂಸ್ಥೆ ಬೇರೆ ಬೇರೆ ದೇಶಗಳ ಎಳೆಯ ಸಿನೆಮಾದವರನ್ನು ಗುಂಪು ಮಾಡಿ, ಗುಂಪಿನ ಒಬ್ಬರ ಊರಿಗೆ ಎಲ್ಲರನ್ನೂ ಅಟ್ಟಿ, ಎಲ್ಲರೂ ಸೇರಿ ಒಂದೇ ಚಿತ್ರ ಮಾಡಿಕೊಂಡು ಬನ್ನಿ ಎನ್ನುತ್ತದಂತೆ. ಈ ಗುಂಪಿಗೆ ಶಬಾನಾಳ ಸೀಮೆ ಬಂದಿತ್ತು. ಅವಳು ಬೇಕೆಂದದ್ದು ಮನೆಯನ್ನು. ಆದರೆ ಮನೆ ಬೇಕೆಂದವರು ಮನೆಯ ಯಜಮಾನನನ್ನು ಬೇಡ ಎನ್ನುತ್ತಾರೆಯೇ ಎಂದು ನಾನು ಅವತ್ತೇ ಕನ್ನಡಿಯ ಮುಂದೆ ನಿಂತು ಯಾವ ಮಗ್ಗುಲು ಚೆಂದ ಎಂದು ನೋಡಿಕೊಂಡೆ. ಎರಡೂ ಸುಮಾರಾಗಿಯೇ ಇದ್ದವು.

ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಒಂದು ಟೆಂಪೋ ಮಾಡಿಕೊಂಡು ಬಂದ ಆ ಮಂದಿಯನ್ನು ನೋಡಲು ನಮ್ಮ ಓಣಿಗೆ ಓಣಿಯೇ ಕಟ್ಟೆಯ ಮೇಲೆ ಕೂತಿತ್ತು. ಮೊದಲು ಇಳಿದವಳು ನಿರ್ದೇಶಕಿ ಹೆನ್ನಾ, ಫಿನ್‌ಲೆಂಡಿನವಳು. ನಮ್ಮ ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ. ಅವರ ಊರಲ್ಲಿ ಚಳಿಗಾಲಕ್ಕೆ ಸೂರ್ಯ ಮುಖ ತೋರಿಸುವುದೇ ಅಪರೂಪ, ಅವಳಪ್ಪ ರಸ್ತೆಯ ಹಿಮ ಬಳಿಯುವ ಗಾಡಿ ಓಡಿಸುತ್ತಾನೆ, ನೆರೆಮನೆ ಎಂದರೆ ಕಾಡು ದಾಟಿ ಆಚೆ. ಮಾತು ಅವಳಿಗೆ ರೇಷನ್ನಿನ ಸೀಮೆಎಣ್ಣೆ ಇದ್ದ ಹಾಗೆ, ಬೇಕಾದಷ್ಟಕ್ಕೆ ಮಾತ್ರ. ಅವಳ ಹಿಂದೆ ಧ್ವನಿಮುದ್ರಣದ ಎಮೆಕಾ, ನೈಜೀರಿಯಾದವನು. ತಾಯಿ ಪೇಟೆಯಲ್ಲಿ ಬಟ್ಟೆ ಮಾರುತ್ತಾಳಂತೆ. ಓಣಿಯ ಎಲ್ಲಾ ಅಂಗಡಿಗಳ ಜನರೇಟರು ಒಟ್ಟಿಗೆ ಗುಡುಗುವಾಗ ತಾಯಿ ಕರೆದದ್ದನ್ನು ಕೇಳಿಸಿಕೊಂಡು ಬೆಳೆದದ್ದರಿಂದಲೇ ತನ್ನ ಕಿವಿ ಇಷ್ಟು ಚುರುಕು ಎಂದು ನಗುತ್ತಿದ್ದ. ಕ್ಯಾಮರಾದವಳು ಲಿನ್, ವಿಯೆಟ್ನಾಮಿನ ಭತ್ತದ ರೈತರ ಮನೆಯವಳು, ಗೇಣುದ್ದದ ಹುಡುಗಿ. ಅವಳು ಕ್ಯಾಮರಾ ಹಿಡಿಯಲು ಕಲಿತದ್ದು ಸೋದರಮಾವನ ಮದುವೆ ವಿಡಿಯೋ ಅಂಗಡಿಯಲ್ಲಿ ಎಂದು ಕೇಳಿ ನನಗೆ ಭಾಳ ಸಮಾಧಾನವಾಯಿತು. ಜಗತ್ತಿನ ಯಾವ ಮೂಲೆಯಲ್ಲೂ ಜಿಲೇಬಿ ತಿನ್ನುವವನಿಗೆ ನೆಮ್ಮದಿಯಿಲ್ಲ ಎಂದಾಯಿತಲ್ಲ!

ಸುಶೀಲಾ ಇವರನ್ನು ಒಂದು ಗಳಿಗೆಯೂ ಪರದೇಶಿಗಳೆಂದು ತಿಳಿಯಲಿಲ್ಲ. "ಬರ್ರಿ ಬರ್ರಿ, ಬಿಸಲಾಗ ಬಂದೀರಿ, ಕುಂದರ್ರಿ," ಎಂದು ಚಾಪೆ ಹಾಸಿ, ಒಗ್ಗರಣೆ ಅವಲಕ್ಕಿ ಕೊಟ್ಟು, ಮೇಲೆ ಕುರುಕಲು ಸವಣೂರು ಖಾರಾ ಸುರಿದು, ಅದರ ಮೇಲೆ ಚಹಾ ಕೊಟ್ಟಳು. ಹೆನ್ನಾ ಖಾರಾ ತಿಂದು ಮೈಯೆಲ್ಲ ಕೆಂಪಾಗಿ, ಆದರೂ ಒಂದು ಮಾತೂ ಆಡದೆ ತಟ್ಟೆ ಖಾಲಿ ಮಾಡಿದಳು. "ಪಾಪ, ಭಾಳ ಮರ್ಯಾದಸ್ತ ಹುಡುಗಿ," ಎಂದು ಸುಶೀಲಾ ಇನ್ನೊಂದು ಮುಷ್ಟಿ ಹಾಕಿದಳು. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರಿಗೆ ಅವಳು ಹೆನ್ನವ್ವ ಆಗಿದ್ದಳು.

ಇನ್ನು ಅವರ ಕಥೆ. ಅದು ನಾಲ್ಕು ಮನೆಯ ಹಿಟ್ಟು ಕೂಡಿಸಿ ಬಡಿದ ರೊಟ್ಟಿ. ಜಗಳವಾಡಿದ ತಮ್ಮ ವರ್ಷಗಳ ಮೇಲೆ ಅಕ್ಕನ ಮನೆಗೆ ಬರುತ್ತಾನೆ, ಇಬ್ಬರೂ ಮಾತಾಡುವುದಿಲ್ಲ, ಅಕ್ಕ ಏನನ್ನೂ ಕೊಡುವುದಿಲ್ಲ, ತಮ್ಮ ಎದ್ದು ಹೋಗುತ್ತಾನೆ. ಈ ಮೌನವೆಲ್ಲ ಹೆನ್ನಾಳ ಪಾಲು. ಜಗಳ ಯಾತಕ್ಕಾಗಿ? ಭತ್ತದ ಗದ್ದೆಯ ಬದುವಿಗಾಗಿ. ಇದು ಲಿನ್‌ಳದು, ಅವರ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದದ್ದಂತೆ. ಬರಿಗೈಯಲ್ಲಿ ಯಾರಾದರೂ ಅಕ್ಕನ ಮನೆಗೆ ಬರುತ್ತಾರೆಯೇ ಎಂದು ಎಮೆಕಾ ತಮ್ಮನ ಕೈಗೊಂದು ಹುಂಜ ಕೊಟ್ಟಿದ್ದ. ನಮ್ಮ ಹೊಸ್ತಿಲು ದಾಟಿ ಹುಂಜ ಬರುವ ಹಾಗಿಲ್ಲ ಎಂದು ಸುಶೀಲಾ ಖಡಾಖಂಡಿತ ಹೇಳಿದ್ದರಿಂದ ನೈಜೀರಿಯಾದ ಹುಂಜ ಶಬಾನಾಳ ಕಾಕಾನ ಅಂಗಡಿಯ ವೀಳ್ಯದೆಲೆಯ ಕಟ್ಟಾಯಿತು.

ತಮ್ಮನ ಪಾತ್ರಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ಕರೆಯುವುದಕ್ಕೆ ಮೊದಲೇ ಇಸ್ತ್ರಿ ಅಂಗಿ ಹಾಕಿಕೊಂಡು ಕ್ಯಾಮರಾದ ಮುಂದೆ ನಿಂತು, ವರ್ಷಗಳ ದುಃಖವನ್ನೆಲ್ಲ ಹುಬ್ಬಿಗೆ ತಂದು, ಗಲ್ಲ ನಡುಗಿಸಿ, ಒಂದು ಕಣ್ಣಲ್ಲಿ ಪಶ್ಚಾತ್ತಾಪ, ಇನ್ನೊಂದರಲ್ಲಿ ಸ್ವಾಭಿಮಾನ ತೋರಿಸಿದೆ. ಹೆನ್ನಾ ಶಬಾನಾಳ ಕಿವಿಯಲ್ಲಿ ಏನೋ ಹೇಳಿದಳು. ಶಬಾನಾ ನೆಲ ನೋಡುತ್ತ, "ಸರ, ನಿಮ್ಮ ಮುಖ ಭಾಳ ಮಾತಾಡ್ತೈತಂತ್ರಿ," ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಧನ್ಯವಾದ ಹೇಳಿಯೂ ಬಿಟ್ಟೆ! ಆಮೇಲೆ ತಿಳಿದದ್ದು, ಹುಬ್ಬಳ್ಳಿಯಿಂದ ಒಬ್ಬ ನಾಟಕದ ನಟರನ್ನು ಕರೆಸುತ್ತಿದ್ದಾರೆ ಎಂದು. ಅಷ್ಟರಲ್ಲಿ ಅಕ್ಕಿ ಹಸನು ಮಾಡುತ್ತ ಮೂಲೆಯಲ್ಲಿ ಕೂತಿದ್ದ ಸುಶೀಲಾಳನ್ನು ಲಿನ್ ಕ್ಯಾಮರಾದಲ್ಲಿ ನೋಡುತ್ತ ನಿಂತಿದ್ದಳು. ಹೆನ್ನಾಳೂ ಹೋಗಿ ನೋಡಿದಳು. ಅಕ್ಕನ ಪಾತ್ರ ನನ್ನ ಹೆಂಡತಿಗೆ ಹೋಯಿತು. "ನನಗ್ಯಾಕವ್ವ ಇದೆಲ್ಲಾ, ಅವರಿಗೆ ಕೊಡ್ರಿ, ಹುಚ್ಚು ಹಿಡಿಸ್ಕೊಂಡಾರ," ಎಂದು ಅವಳು ನನ್ನ ಕಡೆ ಕೈ ಮಾಡಿದಳು. ಯಾರೂ ಆ ಕಡೆ ನೋಡಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳ ಮೇಲೆ ಅವತ್ತು ಬಂದಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಬಂದಿರಲಿಲ್ಲ.

ಚಿತ್ರೀಕರಣ ಸುರುವಾಯಿತು. ಸಹಜವಾಗಿರಿ, ಕ್ಯಾಮರಾ ನೋಡಬೇಡಿ ಎಂಬುದು ಹೆನ್ನಾಳ ಒಂದೇ ಮಂತ್ರ. ನಮ್ಮೂರಲ್ಲಿ ಅದೆಲ್ಲಿ ಸಾಧ್ಯ? ಅಕ್ಕಿ ಗಿರಣಿಯ ಮುಂದೆ ಕ್ಯಾಮರಾ ಇಟ್ಟರೆ ಹಮಾಲರು ಚೀಲ ಕೆಳಗಿಟ್ಟು ತಲೆ ಬಾಚಿಕೊಂಡು ಬಂದರು. ಸಂತೆಯ ದಿನ ಎಮೆಕಾ ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದರೆ ಇಡೀ ಸಂತೆ ಸುಮ್ಮನಾಗಿಬಿಟ್ಟಿತು, ಅವನಿಗೆ ಬೇಕಿದ್ದದ್ದು ಸಂತೆಯ ಗದ್ದಲ! ಬೇಸತ್ತ ಹೆನ್ನಾಳನ್ನು ಶಬಾನಾ ಒಂದು ದಿನ ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹೊಲ ಊಳುವವರು, ಹಾಲು ಕರೆಯುವವರು, ರೊಟ್ಟಿ ಬಡಿಯುವವರು ಎಲ್ಲಾ ನಿಜವಾದವರ ಹಾಗೆಯೇ ಇರುವ ಬೊಂಬೆಗಳು. ತಿರುಗಿ ಬಂದ ಹೆನ್ನಾ, ಈ ಜಿಲ್ಲೆಯಲ್ಲಿ ಕ್ಯಾಮರಾ ನೋಡದೆ ಅಭಿನಯಿಸುವವರು ಅವರೊಬ್ಬರೇ ಎಂದಳಂತೆ. ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಆದರೆ ನಿಜವಾದ ತೊಂದರೆ ಬಂದದ್ದು ಕೊನೆಯ ದೃಶ್ಯಕ್ಕೆ. ಹುಬ್ಬಳ್ಳಿಯ ನಟರು ಬಂದು ಹೊರಸಿನ ಮೇಲೆ ಕೂತರು. ಸುಶೀಲಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೌನ. ಲಿನ್‌ಳ ಕ್ಯಾಮರಾ ಓಡುತ್ತಿತ್ತು, ಎಮೆಕಾ ಉಸಿರು ಬಿಗಿಹಿಡಿದಿದ್ದ. ನಟರು ಎಲೆಯ ಕಟ್ಟು ತೆಗೆದುಕೊಂಡು ಎದ್ದರು, ಬಾಗಿಲಿಗೆ ಹೋದರು. "ಅಯ್ಯ, ಹಂಗ ಎದ್ದು ಹೊಂಟ್ರೆಲ್ಲಾ, ಒಂದೀಟು ಚಾ ಕುಡದು ಹೋಗ್ರಿ!" ಎಂದಳು ಸುಶೀಲಾ.

ಎಲ್ಲರೂ ನಕ್ಕರು. ಮತ್ತೊಮ್ಮೆ ಸುರುವಾಯಿತು. ಈ ಸಲ ಅವಳು ಬಾಯಿ ಬಿಗಿಹಿಡಿದಳು, ಪಾಪ, ಸೆರಗು ಬಾಯಿಗಿಟ್ಟುಕೊಂಡೇ ಕೂತಳು. ನಟರು ಹೊಸ್ತಿಲ ಮೇಲೆ ಕಾಲಿಟ್ಟದ್ದೇ ತಡ, "ಬರೇ ನೀರಾರ ಕುಡೀರಿ," ಎಂದು ಎದ್ದೇಬಿಟ್ಟಳು. ಅಕ್ಕಾರ, ಇವರು ನಿಜವಾದ ತಮ್ಮ ಅಲ್ಲ, ಇದು ಸಿನೆಮಾ ಎಂದು ಶಬಾನಾ ತಿಳಿಸಿ ಹೇಳಿದಳು. "ತಮ್ಮ ಅಲ್ಲದಕ್ಕ ಕೊಡಬೇಕವಾ! ತಮ್ಮ ಆಗಿದ್ರ ನಾಳೆ ಬಂದು ಕುಡೀತಿದ್ದ. ಇವರು ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ನಿಂತು ಬಂದಾರ," ಎಂಬುದು ಅವಳ ವಾದ. ಹಾಲಿನ ಪಾತ್ರೆ ಮುಚ್ಚಿಟ್ಟರು, ಸಕ್ಕರೆ ಡಬ್ಬಿ ಅಡಗಿಸಿದರು. ಅವಳು ಬೆಲ್ಲ ನೀರು ತಂದಳು. ಬೆಲ್ಲ ಅಡಗಿಸಿದರೆ ಕಿಟಕಿಯಲ್ಲಿ ಬಗ್ಗಿ ನೆರೆಮನೆಯ ಗಿರಿಜವ್ವನಿಗೆ, "ಒಂದು ವಾಟಗಾ ಮಜ್ಜಿಗಿ ಕೊಡಽ, ಮನಿಗೆ ಬಂದವರು ಹಂಗ ಹೊಂಟಾರ," ಎಂದು ಕೂಗಿದಳು. ನಟರೂ ನಮ್ಮ ಕಡೆಯವರೇ ಅಲ್ಲವೇ, ಕರೆದರೆ ತಿರುಗಿ ಬಂದು ಕೂತೇಬಿಡುತ್ತಿದ್ದರು. ಹೊತ್ತು ಇಳಿಯುವುದರೊಳಗೆ ಅವರ ಹೊಟ್ಟೆಯಲ್ಲಿ ಚಹಾ, ಪಾನಕ, ಮಜ್ಜಿಗೆ ಎಲ್ಲಾ ಸೇರಿ, ಇನ್ನು ತಮಗೆ ಆಗುವುದಿಲ್ಲವೆಂದು, ಧಾರಾವಾಹಿಯ ಶೂಟಿಂಗ್ ಇದೆಯೆಂದು ಹೇಳಿ ಹುಬ್ಬಳ್ಳಿ ಬಸ್ಸು ಹತ್ತಿಬಿಟ್ಟರು.

ಆಗ ನಾಲ್ವರಲ್ಲಿ ಜಗಳ ಹತ್ತಿತು. ಮರುದಿನ ಬೆಳಿಗ್ಗೆ ಅವರು ಯಲವಿಗಿಯಲ್ಲಿ ರೈಲು ಹಿಡಿಯಬೇಕು, ಈ ದೃಶ್ಯ ಇಲ್ಲದಿದ್ದರೆ ಚಿತ್ರವೇ ಇಲ್ಲ. ಎಮೆಕಾ ಸುಶೀಲಾಳ ಪಕ್ಷ. ಅವರ ಮನೆಗೆ ಯಾರು ಬಂದರೂ ಮೊದಲು ಕೋಲಾ ಎಂಬ ಒಂದು ಕಾಯಿ ಒಡೆದು ಹಂಚಬೇಕಂತೆ, ಹಂಚದೆ ಮಾತು ಸುರು ಮಾಡಿದರೆ ಅಪ್ಪ ಕಿವಿ ಹಿಂಡುತ್ತಾನಂತೆ. ಅಕ್ಕ ಸರಿಯಾಗಿಯೇ ಮಾಡುತ್ತಿದ್ದಾಳೆ, ಕಥೆಯೇ ತಪ್ಪು ಎಂದ. ಲಿನ್‌ಳ ಮನೆಯಲ್ಲಿ ಸಣ್ಣ ಬಟ್ಟಲಿನ ಚಹಾ ಯಾವಾಗಲೂ ಮೇಜಿನ ಮೇಲೆ ಇದ್ದೇ ಇರುತ್ತದೆ, ಅದನ್ನು ಕೊಟ್ಟೂ ಮುನಿಸು ತೋರಿಸಬಹುದು, ಆರಿದ್ದನ್ನು ಕೊಟ್ಟರಾಯಿತು ಎಂದಳು. ಆರಿದ ಚಹಾ ಕೊಡುವುದಕ್ಕಿಂತ ಸಾಯುವುದು ವಾಸಿ ಎಂದು ಸುಶೀಲಾ ಒಳಗಿನಿಂದಲೇ ಅದನ್ನು ತಳ್ಳಿಹಾಕಿದಳು. ಇಂಗ್ಲಿಷ್ ಮಾತು ಅವಳಿಗೆ ಹೇಗೆ ತಿಳಿಯಿತೋ, ಚಹಾದ ವಿಷಯ ಎಂದರೆ ಯಾವ ಭಾಷೆಯಾದರೂ ಅವಳಿಗೆ ತಿಳಿಯುತ್ತದೆ.

ಹೆನ್ನಾ ಮಾತ್ರ ಜಗಳ ಬಿಟ್ಟು ಎದ್ದಳು. ಕಟ್ಟೆಯ ಮೇಲೆ ಹೋಗಿ ಕೂತಳು. ನೋಡಿದರೆ ಆ ಎತ್ತರದ ಹುಡುಗಿಯ ಕಣ್ಣಲ್ಲಿ ನೀರು. ಶಬಾನಾ ಹೋಗಿ ಪಕ್ಕದಲ್ಲಿ ಕೂತ ಮೇಲೆ ವಿಷಯ ಹೊರಬಂತು. ಅವರ ಕಡೆ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುವುದು ಪದ್ಧತಿ, ನಮ್ಮ ಚಹಾದಂತೆಯೇ. ಅವಳ ಅಜ್ಜಿ ಒಂದು ದಿನ ಮಾತ್ರ, ಮುನಿಸಿಕೊಂಡಿದ್ದ ತಮ್ಮ ಬಂದಾಗ ಕಾಫಿ ಕೊಡಲಿಲ್ಲ. ಅವನು ಕೂತು ಕೂತು ಎದ್ದು ಹೋದ. ಮತ್ತೆಂದೂ ಬರಲಿಲ್ಲ, ತೀರಿಕೊಂಡ. ಹೆನ್ನಾ ಸಣ್ಣವಳಿದ್ದಾಗ ಅಜ್ಜಿ ಆ ಒಂದು ಕಪ್ಪಿನ ಮಾತನ್ನು ಎಷ್ಟೋ ಸಲ ಎತ್ತುತ್ತಿದ್ದಳಂತೆ. "ಸರ, ಅಕಿ ಸಿನೆಮಾ ಕಲಿತದ್ದ ಇದಕ್ಕಂತ್ರಿ," ಎಂದಳು ಶಬಾನಾ. ಅಷ್ಟು ದಿನ ಇವರ ಮೌನವನ್ನೆಲ್ಲ ಹಾಸ್ಯ ಮಾಡಿಕೊಂಡು ಕಟ್ಟೆಯಲ್ಲಿ ಮಂದಿಯನ್ನು ನಗಿಸುತ್ತಿದ್ದೆನಲ್ಲ, ನನಗೆ ನಿಜವಾಗಿಯೂ ಕೆಟ್ಟದೆನಿಸಿತು.

ಉಪಾಯ ಹೊಳೆದದ್ದು ಶಬಾನಾಳಿಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರ, ನೀವ ಕುಂದರ್ರಿ." ನಾನು ಟ್ರಂಕಿನ ಕಡೆ ಓಡಿದೆ. ಇಸ್ತ್ರಿ ಅಂಗಿ ಬೇಡ, ಇದ್ದದ್ದೇ ಇರಲಿ ಎಂದರು. ಕನ್ನಡಿಯನ್ನೂ ನೋಡಗೊಡಲಿಲ್ಲ. ಎಲೆಯ ಕಟ್ಟು ಹಿಡಿದು ಹೊರಸಿನ ಮೇಲೆ ಕೂತೆ. ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಹುಬ್ಬು, ಗಲ್ಲ, ಎರಡು ಕಣ್ಣಿನ ಎರಡು ರಸ. ಆದರೆ ಹೆಂಡತಿಯ ಎದುರಿಗೆ ಹುಬ್ಬು ಕುಣಿಸಲು ನನಗೆ ನಾಚಿಕೆಯಾಯಿತು. ಅವಳು ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಹಾಗೇ ಹೊತ್ತು ಹೋಯಿತು. ಈಗ ಕೇಳುತ್ತಾಳೆ ಎಂದುಕೊಂಡೆ. ಮಧ್ಯಾಹ್ನದಿಂದ ಹುಬ್ಬಳ್ಳಿಯವರಿಗೆ ಅಷ್ಟೆಲ್ಲ ಆಯಿತು, ನನಗೆ ಗಂಟಲು ಒಣಗಿತ್ತು. ಸಣ್ಣಗೆ ಕೆಮ್ಮಿದೆ. ಅವಳು ಒಂದು ಹರಳು ಹೆಕ್ಕಿ ಆಚೆ ಒಗೆದಳು. ಎದ್ದೆ. ಎದ್ದರೆ ಕೇಳುತ್ತಾಳೆ ಎಂದು ಖಾತ್ರಿಯಿತ್ತು. ಬಾಗಿಲಿಗೆ ಹೋದೆ, ಕಥೆಯಲ್ಲಿ ಇಲ್ಲದಿದ್ದರೂ ಒಮ್ಮೆ ತಿರುಗಿ ನೋಡಿದೆ. ಅವಳು ತಲೆಯೆತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಇಳಿಬಿಸಿಲಿನಲ್ಲಿ ನಿಂತೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನ್ನ ಕಣ್ಣು ತುಂಬಿ ಬಂದಿತ್ತು. ಎಲೆಯ ಕಟ್ಟನ್ನು ಹೊರಸಿನ ಮೇಲೆ ಮರೆತು ಬಂದಿದ್ದೇನೆ ಎಂಬುದೂ ಆಗಲೇ ನೆನಪಾದದ್ದು.

ಒಳಗೆ ಲಿನ್ ಕ್ಯಾಮರಾ ನಿಲ್ಲಿಸಿರಲಿಲ್ಲ. ನಾನು ಹೋದ ಮೇಲೆ ಸುಶೀಲಾ ಮೆಲ್ಲಗೆ ತಲೆಯೆತ್ತಿ ಆ ಎಲೆಯ ಕಟ್ಟನ್ನು ನೋಡಿದಳಂತೆ. ಎದ್ದು ಹೋಗಿ ತಂಬಿಗೆಯಲ್ಲಿ ಕೈ ಅದ್ದಿ ಎಲೆಯ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ, ಬಾಗಿಲ ಕಡೆ ಒಂದು ಸಲ ನೋಡಿ, ಮತ್ತೆ ಮೊರದ ಮುಂದೆ ಕೂತಳಂತೆ. ನಾನು ಒಳಗೆ ಬರುವಾಗ ಎಮೆಕಾ ಕಿವಿಯ ಮೇಲಿನ ಹೆಡ್‌ಫೋನು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ. ಹೆನ್ನಾ, ಆ ಮಾತಿಲ್ಲದ ಹೆನ್ನಾ, ಸುಶೀಲಾಳನ್ನು ಅಪ್ಪಿಕೊಂಡು ತನ್ನ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಏನೇನೋ ಹೇಳುತ್ತಿದ್ದಳು, ಅಜ್ಜಿ ಮಾಡಬೇಕೆಂದು ಮಾಡದೆ ಬಿಟ್ಟದ್ದನ್ನು ನೀವು ಮಾಡಿದಿರಿ ಎಂದು ಶಬಾನಾ ಅದನ್ನು ನಮಗೆ ದಾಟಿಸಿದಳು. "ಅಯ್ಯ, ಎಲಿ ಬಾಡ್ತಾವಲ್ಲವಾ, ಅದಕ್ಕ ನೀರ ಹಾಕಿದೆ," ಎಂದಳು ಸುಶೀಲಾ. ಒಟ್ಟಿನಲ್ಲಿ ಎಲೆಗಳಿಗೆ ನೀರು ಸಿಕ್ಕಿತು, ತಂದವನಿಗೆ ಸಿಗಲಿಲ್ಲ.

ಮರುದಿನ ಎಲ್ಲರೂ ರೈಲಿಗೆ ಹೋದ ಮೇಲೆ ನಾನು ಬಾಯಿಬಿಟ್ಟು ಕೇಳಿಯೇ ಕೇಳಿದೆ. "ಅಲ್ಲಽ, ಊರ ಮಂದಿಗೆ ಕರದು ಕರದು ಕೊಟ್ಟಾಕಿ, ನನಗೊಂದು ಮಾತು ಕೇಳಾಕ ಆಗಲಿಲ್ಲೇನು?" ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಮಗ ಯಾಕ ಕೇಳಬೇಕ್ರಿ? ಅವರು ಹುಬ್ಬಳ್ಳಿಯಿಂದ ಬಂದಿದ್ರು. ನೀವ ಎಲ್ಲಿಂದ ಬಂದ್ರಿ, ಪಡಸಾಲಿಯಿಂದ! ಹೋಗೋರನ್ನ ತಡದು ಕೊಡಬೇಕು. ನೀವೇನ ಎಲ್ಲಿಗೆ ಹೋಗೋರು?" ಎಂದಳು. ಇದರಲ್ಲಿ ಪ್ರೀತಿ ಇದೆಯೆಂದು ನಾನು ಆಮೇಲೆ ಎಷ್ಟೋ ಹೊತ್ತು ಹುಡುಕಿದೆ. ಇದೆ, ಬಹಳ ಇದೆ. ಚಹಾ ಮಾತ್ರ ಇಲ್ಲ.

ಕೆಲವು ತಿಂಗಳ ಮೇಲೆ ಶಬಾನಾ ಚಿತ್ರ ತಂದು ನಮ್ಮೂರ ಕಲ್ಯಾಣ ಮಂಟಪದಲ್ಲಿ ಕಿಟಕಿಗಳಿಗೆ ಜಮಖಾನೆ ಕಟ್ಟಿ ತೋರಿಸಿದಳು. ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಬಾಯಿ ಒಣಗಿಸಿಕೊಂಡು ಆಸೆಯಿಂದ ಹೆಂಡತಿಯ ಕೈ ನೋಡುತ್ತಿರುವ ಮುಖ. ನಾನು ಬಾಗಿಲಲ್ಲಿ ತಿರುಗಿ ನೋಡಿದಾಗ ಹೆಂಗಸರೆಲ್ಲ, "ಅಯ್ಯ ಪಾಪ, ಒಂದೀಟು ಚಾನಾದ್ರೂ ಕೊಡಬಾರದೇನು," ಎಂದು ನಿಟ್ಟುಸಿರು ಬಿಟ್ಟರು. ಗಿರಿಜವ್ವ ಕಣ್ಣೊರೆಸಿಕೊಂಡಳು. ಫಿನ್‌ಲೆಂಡಿನಲ್ಲಿ ಹೆನ್ನಾಳ ತಾಯಿಯೂ, ನೈಜೀರಿಯಾದ ಪೇಟೆಯಲ್ಲಿ ಎಮೆಕಾನ ತಾಯಿಯೂ ಇದೇ ಜಾಗಕ್ಕೆ ಅತ್ತರಂತೆ. ಮೂರು ಖಂಡದ ಹೆಂಗಸರು ನನಗಾಗಿ ಮರುಗಿದರು. ಯಾವ ನಟನಿಗೆ ಬಂದೀತು ಈ ಭಾಗ್ಯ!

ಅದರ ಪರಿಣಾಮ ಈಗ ಅನುಭವಿಸುತ್ತಿದ್ದೇನೆ. ನಾನು ಓಣಿಗೆ ಕಾಲಿಟ್ಟರೆ ಸಾಕು, "ಸರ, ಬರ್ರಿ ಬರ್ರಿ, ಚಾ ಕುಡದು ಹೋಗ್ರಿ," ಎಂದು ಪ್ರತಿ ಬಾಗಿಲಿನಿಂದಲೂ ಕರೆಯುತ್ತಾರೆ. ಗಿರಣಿಯಲ್ಲಿ ಕೊಡುತ್ತಾರೆ, ಕಟಿಂಗ್ ಅಂಗಡಿಯಲ್ಲಿ ಕೊಡುತ್ತಾರೆ, ಹಾನಗಲ್ಲಿಗೆ ಹೋದರೆ ಬಸ್ಸಿನ ಕಂಡಕ್ಟರು ಇಳಿದು ಕೊಡಿಸುತ್ತಾನೆ. ಬೇಡ ಎಂದರೆ ಚಿತ್ರ ನೆನೆಸಿಕೊಂಡು ಇನ್ನೂ ಮರುಗುತ್ತಾರೆ, ಅದಕ್ಕೆ ಕುಡಿಯುತ್ತೇನೆ. ಹೀಗೆ ಊರೆಲ್ಲ ಕುಡಿದು ಸಂಜೆ ಮನೆಗೆ ಬಂದು ಹೊರಸಿನ ಮೇಲೆ ಕೂತು, ಆಸೆ ಬಿಡದೆ ಸಣ್ಣಗೆ ಕೆಮ್ಮುತ್ತೇನೆ. ಸುಶೀಲಾ ಮೊರದಿಂದ ತಲೆಯೆತ್ತುವುದಿಲ್ಲ. "ಎಲ್ಲರ ಮನ್ಯಾಗೂ ಕುಡದ ಬಂದೀರಲ್ಲ, ಇನ್ನ ಯಾವ ಹೊಟ್ಟಿಗೆ ಚಾ ಇಡಲಿ?" ಎನ್ನುತ್ತಾಳೆ.